ಮಳೆಗಾಲಕ್ಕೊಂದು ಹೆಡ್‌ಸೆಟ್

ಅಕ್ಕನ ಮಗನಿಗೆ ಕಳೆದ ರಜೆಯಲ್ಲಿ ಪ್ಲೇಸ್ಟೇಷನ್, ಅಂದರೆ ಟಿವಿಗೆ ಜೋಡಿಸಿ ಆಡುವ ಗೇಮಿನ ಕನ್ಸೋಲ್, ಸಿಕ್ಕಿತು. ಅಂದಿನಿಂದ ಅವನಿಗೆ ನನ್ನ ಮೇಲೆ ಪ್ರೀತಿ ಜಾಸ್ತಿಯಾಗಿದೆ. ಮೊನ್ನೆ ಮುಳ್ಳೇರಿಯದಿಂದ ವಾಟ್ಸಾಪಿನಲ್ಲಿ ಒಂದಷ್ಟು ಹೆಡ್‌ಸೆಟ್‌ಗಳ ಲಿಂಕ್ ಕಳಿಸಿ, 'ಮಾವ, ಇದರಲ್ಲಿ ಯಾವುದು ತೆಗೊಳ್ಳಲಿ?' ಎಂದು ಕೇಳಿದ. ಎಲ್ಲವನ್ನೂ ತೆರೆದು ಓದಿದೆ. 50 ಮಿಲಿಮೀಟರ್ ಡ್ರೈವರ್ (ಅಂದರೆ ಒಳಗಿನ ಸ್ಪೀಕರ್), 7.1 ಸರೌಂಡ್ (ಸುತ್ತಲೂ ಎಂಟು ಸ್ಪೀಕರ್ ಇಟ್ಟ ಹಾಗೆ ಕೇಳಿಸುವುದು), ಬಣ್ಣ ಬದಲಾಯಿಸುವ ಲೈಟು. (ತಲೆಗೆ ಹಾಕಿಕೊಂಡವನಿಗೆ ಆ ಲೈಟು ಕಾಣುವುದೇ ಇಲ್ಲ. ಅದು ಯಾರಿಗಾಗಿ ಉರಿಯುತ್ತದೋ!) ಮೈಕಿನ ಬಗ್ಗೆ ಮಾತ್ರ ಎಲ್ಲ ಕಡೆಯೂ ಕೊನೆಯಲ್ಲಿ ಒಂದು ಸಾಲು. ಇದೆ ಅಂತ ಹೇಳುವಷ್ಟು, ಅಷ್ಟೇ.

ಈ ವಿಷಯ ನನ್ನನ್ನು ತುಂಬಾ ಸಮಯದಿಂದ ಕೊರೆಯುತ್ತಿದೆ. ಒಬ್ಬನೇ ಕುಳಿತು ಆಡುವವನಿಗೆ ಹೆಡ್‌ಸೆಟ್ ಯಾಕೆ? ಒಳ್ಳೆಯ ಹೆಡ್‌ಫೋನ್ ಸಾಕು. ನಾಲ್ಕು ಜನ ಸೇರಿ ಆನ್‌ಲೈನಿನಲ್ಲಿ ಆಡುವಾಗ ಮಾತಾಡಬೇಕಾಗುತ್ತದೆ. ಅದಕ್ಕೇ ಮೈಕು ಇರುವ ಹೆಡ್‌ಸೆಟ್ ಬೇಕು. ಅಂದರೆ ನಾವು ಜಾಸ್ತಿ ದುಡ್ಡು ಕೊಡುವುದೇ ಆ ಮೈಕಿಗಾಗಿ. ಆದರೆ ಕೊಳ್ಳುವಾಗ ನೋಡುವುದೆಲ್ಲ ನನಗೆ ಹೇಗೆ ಕೇಳುತ್ತದೆ ಅಂತ. ಉಳಿದ ಮೂವರಿಗೆ ನಾನು ಹೇಗೆ ಕೇಳುತ್ತೇನೆ ಅನ್ನುವುದನ್ನು ಯಾರೂ ಕೇಳುವುದಿಲ್ಲ. ಆ ಮೂವರು ಅಂಗಡಿಗೆ ಬಂದಿರುವುದಿಲ್ಲ ಅಲ್ವಾ. ದುಡ್ಡು ನಮ್ಮದು, ಕಷ್ಟ ಅವರದು.

ಮೊದಲು ಹೀಗಿರಲಿಲ್ಲ. 2002ರ ನವೆಂಬರಿನಲ್ಲಿ ಮೈಕ್ರೋಸಾಫ್ಟಿನ ಆನ್‌ಲೈನ್ ಆಟದ ಸೇವೆ ಎಕ್ಸ್‌ಬಾಕ್ಸ್ ಲೈವ್ ಶುರುವಾದಾಗ ಅದರ ಸ್ಟಾರ್ಟರ್ ಕಿಟ್ಟಿನಲ್ಲೇ ಒಂದು ಹೆಡ್‌ಸೆಟ್ ಇತ್ತು. ಒಂದೇ ಕಿವಿಯದ್ದು. ಆಟದ ಸದ್ದು ಟಿವಿಯಲ್ಲಿ, ಮಾತು ಮಾತ್ರ ಕಿವಿಯಲ್ಲಿ. ಅದೇ ವರ್ಷ ಪ್ಲೇಸ್ಟೇಷನ್ 2ರಲ್ಲೂ ಒಂದು ಯುದ್ಧದ ಆಟದ ಜೊತೆ ಹೆಡ್‌ಸೆಟ್ ಕೊಡುತ್ತಿದ್ದರು. ಅಂದರೆ ಹುಟ್ಟಿದ್ದೇ ಮಾತಾಡಲು. ಆಮೇಲೆ ಎರಡನೆಯ ಕಿವಿ ಬಂತು, ದಪ್ಪ ಪ್ಯಾಡು ಬಂತು, ಲೈಟು ಬಂತು. ಮೈಕು ಮೂಲೆಗೆ ಸರಿಯಿತು.

ಉಪ್ಪಳದ ಮಳೆ, ನೀರ್ಚಾಲಿನ ಮಳೆ

ನಾನು ಆಡುವುದು ಟೆರೇಸಿನ ಮೇಲಿನ ಕೋಣೆಯಲ್ಲಿ. ನಮ್ಮ ಕಡೆಯ ಮನೆಗಳು ನಿಮಗೆ ಗೊತ್ತೇ ಇದೆ. ಟೆರೇಸಿನ ಮೇಲೆ ಶೀಟು ಹಾಕಿರುತ್ತಾರೆ, ಅದರಡಿಯಲ್ಲಿ ಅಡಿಕೆ ರಾಶಿ, ತೆಂಗಿನಕಾಯಿ, ಬಟ್ಟೆಯ ಹಗ್ಗ. ನಾನು ಅದರ ಒಂದು ಮೂಲೆಗೆ ಪ್ಲೈವುಡ್ ಹೊಡೆಸಿ ಕೋಣೆ ಅಂತ ಹೆಸರಿಟ್ಟಿದ್ದೇನೆ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ ಆ ಶೀಟಿನ ಮೇಲೇ ಬೀಳುತ್ತದೆ ಅಂತ ನನಗೆ ಅನ್ನಿಸುವುದುಂಟು.

ನಮ್ಮದು ನಾಲ್ಕು ಜನರ ತಂಡ. ನಾನು ನೀರ್ಚಾಲಿನ ಹತ್ತಿರ. ಭಾವ ಶಾರ್ಜಾದಲ್ಲಿ. ಒಬ್ಬ ಗೆಳೆಯ ಉಪ್ಪಳದಲ್ಲಿ. ಇನ್ನೊಬ್ಬ ಕಾಞಂಗಾಡಿನ ಹುಡುಗ, ನಮ್ಮೆಲ್ಲರಿಗಿಂತ ಚಿಕ್ಕವನು, ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುವವನು. ಉಪ್ಪಳದವನು ಆಗ ಹೆಡ್‌ಸೆಟ್ ಇಲ್ಲದೆ ಆಡುತ್ತಿದ್ದ. ಪಿಎಸ್5ರ (ಪ್ಲೇಸ್ಟೇಷನ್ 5) ಕಂಟ್ರೋಲರಿನಲ್ಲೇ ಮೈಕು ಇದೆಯಲ್ಲ, ಅದು ಸಾಕು ಅನ್ನುತ್ತಿದ್ದ. ಆ ಮೈಕಿನಿಂದ ಅವನ ಮನೆ ಪೂರ್ತಿ ನಮಗೆ ಪರಿಚಯವಾಗಿತ್ತು. ಮಿಕ್ಸಿ ಯಾವಾಗ ತಿರುಗುತ್ತದೆ, ಫ್ಯಾನು ಎಷ್ಟರಲ್ಲಿ ಕಿರುಗುಟ್ಟುತ್ತದೆ, ಅವರ ಅಮ್ಮ 'ಒಣಸ್‌ಗ್ ಬಲಾ' (ಊಟಕ್ಕೆ ಬಾ) ಎಂದು ಎಷ್ಟನೆಯ ಸಲ ಕರೆದಾಗ ಧ್ವನಿ ಬದಲಾಗುತ್ತದೆ, ಎಲ್ಲ. ಟಿವಿಯ ಸದ್ದೂ ಅದರೊಳಗೆ ಹೊಕ್ಕು ನಮ್ಮದೇ ಮಾತು ನಮಗೆ ವಾಪಸು ಬರುತ್ತಿತ್ತು.

ಒಂದು ಜುಲೈ ರಾತ್ರಿ ಆಟ ಕೊನೆಯ ಹಂತಕ್ಕೆ ಬಂದಿತ್ತು. ಇದ್ದಕ್ಕಿದ್ದ ಹಾಗೆ ಅವನ ಕಡೆಯಿಂದ ಸುಯ್ಯೆಂದು ಸದ್ದು. ಉಪ್ಪಳದಲ್ಲಿ ಮಳೆ ಇಳಿದಿತ್ತು. ನಮ್ಮಲ್ಲಿ ಒಂದು ಹನಿಯೂ ಇರಲಿಲ್ಲ. ಮಳೆ ಕಡಲ ಕಡೆಯಿಂದ ಬರುವುದಲ್ವಾ, ಮೊದಲು ಅವನಿಗೆ, ಆಮೇಲೆ ನನಗೆ. ನಾನು ಆಟ ಬಿಟ್ಟು ಓಡಿ ಹಗ್ಗದ ಮೇಲಿನ ಬಟ್ಟೆ ಒಳಗೆ ಸರಿಸಿ ಬಂದೆ. ಹವಾಮಾನ ಇಲಾಖೆಗಿಂತ ನಿಖರವಾದ ಮುನ್ಸೂಚನೆ ಅದು. ಸ್ವಲ್ಪ ಹೊತ್ತಿಗೆ ನನ್ನ ಶೀಟಿನ ಮೇಲೂ ಶುರುವಾಯಿತು. ಶಾರ್ಜಾದಿಂದ ಭಾವ, 'ಮಳೆ ಬಂತೋ ಭಾವ?' ಎಂದು ಕೇಳಿದ. ಹೌದೆಂದೆ. 'ಮೈಕು ಹಾಗೇ ಇರಲಿ' ಎಂದ. ಅವನು ನಾಲ್ಕು ಮಳೆಗಾಲ ಕಳೆದುಕೊಂಡವನು, ಆಸೆ ಇರುತ್ತದೆ. ಆದರೆ ಕಾಞಂಗಾಡಿನ ಹುಡುಗನಿಗೆ ಆ ಆಸೆ ಏನೂ ಇರಲಿಲ್ಲ. 'ಏಟ್ಟಾ, ಮೈಕ್ ಓಫಾಕ್ಕ್!' (ಅಣ್ಣಾ, ಮೈಕ್ ಆಫ್ ಮಾಡು) ಎಂದು ಕಿರುಚಿದ. ಆಮೇಲೆ ಉಪ್ಪಳದವನನ್ನು ಮ್ಯೂಟ್ ಮಾಡಿಯೇ ಬಿಟ್ಟ. ಶತ್ರುಗಳು ಮನೆಯ ಹಿಂದಿನಿಂದ ಬರುತ್ತಿದ್ದಾರೆ ಎಂದು ಉಪ್ಪಳದವನು ಬೊಬ್ಬೆ ಹೊಡೆಯುತ್ತಿದ್ದನಂತೆ. ಅದು ಕೇಳಬೇಕಾದವನಿಗೆ ಕೇಳಲೇ ಇಲ್ಲ.

ಆ ರಾತ್ರಿ ನನ್ನ ಶೀಟು ಅಷ್ಟು ಗದ್ದಲ ಮಾಡುತ್ತಿದ್ದರೂ ನನ್ನ ಮಾತು ಎಲ್ಲರಿಗೂ ಕೇಳುತ್ತಿತ್ತು. ಯಾಕೆ? ನನ್ನ ಮೈಕು ದುಬಾರಿಯದ್ದಲ್ಲ. ಬಾಯಿಯ ಹತ್ತಿರ ಇತ್ತು, ಅಷ್ಟೇ. ಲೆಕ್ಕ ಹೀಗೆ. ಬಾಯಿಯಿಂದ ಮೈಕಿಗೆ ದೂರ ಎರಡು ಪಟ್ಟಾದರೆ ಧ್ವನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕಡ್ಡಿ ಮೈಕು ಬಾಯಿಯಿಂದ 3 ಸೆಂಟಿಮೀಟರಿನಲ್ಲಿ ಇರುತ್ತದೆ. ಮಡಿಲಲ್ಲಿ ಹಿಡಿದ ಕಂಟ್ರೋಲರ್ 48 ಸೆಂಟಿಮೀಟರ್ ದೂರ ಅಂದುಕೊಳ್ಳಿ. ಮೂರರಿಂದ ಆರು, ಹನ್ನೆರಡು, ಇಪ್ಪತ್ತನಾಲ್ಕು, ನಲವತ್ತೆಂಟು. ನಾಲ್ಕು ಸಲ ದುಪ್ಪಟ್ಟು, 24 ಡೆಸಿಬೆಲ್ ನಷ್ಟ. ಮಳೆಗೆ ಈ ನಷ್ಟ ಇಲ್ಲ. ಅದು ಮಾಡಿನ ಎಲ್ಲ ಕಡೆಯಿಂದ ಬರುತ್ತದೆ, ಮೈಕು ಎಲ್ಲಿದ್ದರೂ ಅಷ್ಟೇ ಜೋರು. ಹಾಗಾಗಿ ಮಾತಿಗೂ ಮಳೆಗೂ ಇರುವ ಅಂತರವನ್ನು ನಿರ್ಧಾರ ಮಾಡುವುದು ಮೈಕು ಬಾಯಿಗೆ ಎಷ್ಟು ಹತ್ತಿರ ಇದೆ ಅನ್ನುವುದೇ. ಅದರ ಮೇಲೆ, ಒಂದೇ ದಿಕ್ಕಿನಿಂದ ಜಾಸ್ತಿ ಹಿಡಿಯುವ ಜಾತಿಯ ಮೈಕಾದರೆ ಇನ್ನೂ ಲಾಭ. ಪೆಟ್ಟಿಗೆಯ ಮೇಲೆ ಕಾರ್ಡಿಯಾಯ್ಡ್ ಅಥವಾ ಯುನಿಡೈರೆಕ್ಷನಲ್ ಎಂದಿದ್ದರೆ ಅದೇ. ಓಮ್ನಿ ಎಂದಿದ್ದರೆ ಎಲ್ಲ ಕಡೆಯದ್ದನ್ನೂ ಹಿಡಿಯುತ್ತದೆ ಎಂದರ್ಥ.

ಚಂದ ಕಾಣಲಿ ಎಂದು ಕಡ್ಡಿ ತೆಗೆದು ಕಿವಿ ಮುಚ್ಚುವ ಕಪ್ಪಿನೊಳಗೆ ಮೈಕು ಅಡಗಿಸಿದ ಹೆಡ್‌ಸೆಟ್‌ಗಳೂ ಇವೆ. ಸೋನಿಯ ಪಲ್ಸ್ 3ಡಿ ಹಾಗೇ ಇತ್ತು. 2024ರಲ್ಲಿ ಬಂದ ಪಲ್ಸ್ ಎಲೀಟ್‌ಗೆ ಅವರೇ ಎಳೆದು ಹೊರತೆಗೆಯುವ ಕಡ್ಡಿ ಇಟ್ಟರು. ಅದರಲ್ಲೇ ಉತ್ತರ ಇದೆ ಅಂತ ನನಗೆ ಅನ್ನಿಸುತ್ತದೆ. ಎಸಿ ಕೋಣೆಯಲ್ಲಿ ಆಡುವವರಿಗೆ ಅಡಗಿದ ಮೈಕು ಸಾಕಾಗಬಹುದು. ಶೀಟಿನ ಕೆಳಗೆ ಆಗುವುದಿಲ್ಲ.

ಸದ್ದು ಅಳಿಸುವ ಸಾಫ್ಟ್‌ವೇರ್ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಒಂದೇ ಸಮನೆ ಸುರಿಯುವ ಮಳೆ, ತಿರುಗುವ ಫ್ಯಾನು ಇಂಥವನ್ನು ಅದು ಸುಮಾರಾಗಿ ಅಳಿಸುತ್ತದೆ. ಕುಕ್ಕರಿನ ವಿಸಿಲ್, ನಾಯಿಯ ಬೊಗಳು ಥಟ್ಟನೆ ಬರುವುದರಿಂದ ಕಷ್ಟ. ಆದರೆ ಮೈಕಿಗೆ ಮಾತಿಗಿಂತ ಮಳೆಯೇ ಜಾಸ್ತಿ ಹೋಗಿದ್ದರೆ ಅದು ಮಳೆಯ ಜೊತೆ ಮಾತನ್ನೂ ತಿನ್ನುತ್ತದೆ. ಪದದ ಮೊದಲ ಅಕ್ಷರ ಮಾಯ, ಕೊನೆಯ ಅಕ್ಷರ ಮಾಯ.

ಇಲ್ಲಿ ನಮ್ಮ ಊರಿನದ್ದೇ ಒಂದು ಕಷ್ಟ ಇದೆ. ನಮ್ಮ ಪಾರ್ಟಿಯಲ್ಲಿ (ಆಡುತ್ತಾ ಮಾತಾಡುವ ಗುಂಪಿಗೆ ಹಾಗೆನ್ನುತ್ತಾರೆ) ಒಂದು ಭಾಷೆ ಇಲ್ಲ. ಭಾವ ನನ್ನ ಹತ್ತಿರ ಹವ್ಯಕದಲ್ಲಿ ಶುರುಮಾಡಿದ್ದನ್ನು ಉಪ್ಪಳದವನಿಗೆ ತುಳುವಿನಲ್ಲಿ ಮುಗಿಸುತ್ತಾನೆ. ಕಾಞಂಗಾಡಿನವನಿಗೆ ಎಲ್ಲರೂ ಮಲಯಾಳದಲ್ಲಿ ಬೈಯುತ್ತೇವೆ. ಎಡ ಬಲ ಹೇಳುವಾಗ ಅರ್ಧ ಇಂಗ್ಲಿಷ್. ಒಂದೇ ಭಾಷೆಯಲ್ಲಿ ಮಾತಾಡುವವರಿಗೆ ಒಂದು ಅಕ್ಷರ ತಪ್ಪಿದರೂ ಮುಂದಿನದ್ದು ಊಹೆಯಲ್ಲಿ ತುಂಬಿಕೊಳ್ಳುತ್ತದೆ. ನಮಗೆ ಮುಂದಿನ ಪದ ಯಾವ ಭಾಷೆಯದ್ದು ಅನ್ನುವುದೇ ಗೊತ್ತಿರುವುದಿಲ್ಲ. ಊಹೆ ಮಾಡುವುದು ಏನನ್ನು? ಅದಕ್ಕೇ ನಮ್ಮಂಥ ಗಡಿಯ ಜನಕ್ಕೆ ಮೈಕು ಇನ್ನೂ ಸ್ವಲ್ಪ ಚೆನ್ನಾಗಿರಬೇಕು ಎಂದು ನನ್ನ ವಾದ. ಯಾವ ವಿಮರ್ಶೆಯ ವೀಡಿಯೋದಲ್ಲೂ ಇದನ್ನು ಹೇಳುವುದಿಲ್ಲ ಬಿಡಿ.

ಮಂಗಳೂರಿನ ಅಂಗಡಿಯಲ್ಲಿ ಅಡಿಕೆ ಧಾರಣೆ

ಕೊನೆಗೆ ಉಪ್ಪಳದವನು ಹೆಡ್‌ಸೆಟ್ ಕೊಳ್ಳಲು ಒಪ್ಪಿದ. ಆನ್‌ಲೈನಿನಲ್ಲಿ ತರಿಸಬಹುದಿತ್ತು. ಆದರೆ ತಲೆಗೆ ಹಾಕಿ ನೋಡದೆ ತೆಗೊಳ್ಳುವುದು ನನಗೆ ಸರಿ ಕಾಣುವುದಿಲ್ಲ, ಅವನಿಗೆ ಕನ್ನಡಕವೂ ಇದೆ. ಕಪ್ಪು ಬಿಗಿಯಾಗಿ ಒತ್ತಿದರೆ ಕನ್ನಡಕದ ಕಡ್ಡಿ ಕಿವಿಯ ಮೇಲೆ ಕೂತು ಅರ್ಧ ಗಂಟೆಯಲ್ಲಿ ತಲೆನೋವು ಬರುತ್ತದೆ. ಹಾಗೆ ಒಂದು ಶನಿವಾರ ಮಂಗಳೂರಿಗೆ ಹೋದೆವು. ಹಂಪನಕಟ್ಟೆಯ ಹತ್ತಿರ ಒಂದು ಅಂಗಡಿ. ಹುಡುಗ ಒಂದೊಂದೇ ಪೆಟ್ಟಿಗೆ ತೆಗೆದು ಇವನ ತಲೆಗೆ ಹಾಕಿ ಯಾವುದೋ ಹಾಡು ಬಿಟ್ಟ. 'ಬೇಸ್ ನೋಡಿ ಸಾರ್, ಬೇಸ್' ಎಂದ. ಇವನು ತಲೆ ಅಲ್ಲಾಡಿಸಿದ. ಎಲ್ಲದಕ್ಕೂ ತಲೆ ಅಲ್ಲಾಡಿಸಿದ. ಬೇಸ್ ಎಲ್ಲದರಲ್ಲೂ ಇತ್ತು.

ನನ್ನ ಹಳೆಯ ಫೋನಿನಲ್ಲಿ ಇನ್ನೂ ಇಯರ್‌ಫೋನ್ ತೂತು ಇದೆ. ಅದಕ್ಕೆ ಹೆಡ್‌ಸೆಟ್ ಚುಚ್ಚಿ, ರೆಕಾರ್ಡರ್ ಹಾಕಿ, 'ಏನಾದರೂ ಓದು ಮಾರಾಯ' ಎಂದೆ. ಏನು ಓದುವುದು? ಅವನು ತನ್ನ ಫೋನು ತೆರೆದು ಅಂದಿನ ಅಡಿಕೆ ಧಾರಣೆ ಓದಲು ಶುರುಮಾಡಿದ. ಹೊಸತು ಇಷ್ಟು, ಹಳತು ಇಷ್ಟು, ಪಟೋರ ಇಷ್ಟು, ಉಳ್ಳಿ ಇಷ್ಟು. ಮೊದಲು ನಗು ಬಂತು, ಆಮೇಲೆ ನೋಡಿದರೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಕಥೆ ಓದಿದರೆ ಕೇಳದ ಪದವನ್ನು ಊಹಿಸಬಹುದು. ಅಂಕಿಯನ್ನು ಊಹಿಸಲು ಆಗುವುದಿಲ್ಲ. ಹೊರಗೆ ಬಸ್ಸುಗಳ ಹಾರ್ನು ಬೇರೆ ಇತ್ತು, ಅದೂ ಅನುಕೂಲವೇ ಆಯಿತು. ಬಾಗಿಲ ಹತ್ತಿರ ನಿಲ್ಲಿಸಿಯೇ ಓದಿಸಿದೆ. ಒಂದೊಂದನ್ನೂ ವಾಪಸು ಹಾಕಿ ಕೇಳಿದೆವು. ಒಂದರಲ್ಲಿ ಪ, ಬ ಬಂದಾಗಲೆಲ್ಲ ಉಸಿರು ಬಡಿದು ಡಬ್ ಡಬ್ ಎನ್ನುತ್ತಿತ್ತು. ಇನ್ನೊಂದರಲ್ಲಿ ಅವನ ಮಾತಿಗಿಂತ ಹಾರ್ನು ಮುಂದೆ. ಬೆಲೆಯಲ್ಲಿ ಕೆಳಗಿನ ಕಡೆ ಇದ್ದ, ನೋಡಲು ಏನೂ ಚಂದವಿಲ್ಲದ, ದಪ್ಪ ಕಡ್ಡಿಯ ಒಂದು ವೈರಿನ ಹೆಡ್‌ಸೆಟ್ಟಿನಲ್ಲಿ ಪ್ರತಿ ಅಂಕಿಯೂ ಸ್ಪಷ್ಟ. ಕಡ್ಡಿಯ ತುದಿಗೆ ಒಂದು ಸ್ಪಂಜಿನ ಟೊಪ್ಪಿ ಇತ್ತು. ಉಸಿರಿನ ಬಡಿತ ಅಲ್ಲೇ ನಿಲ್ಲುತ್ತಿತ್ತು.

ಅಂಗಡಿಯ ಹುಡುಗನಿಗೆ ಇದು ಹೊಸತಾಗಿ ಕಂಡಿರಬೇಕು. ಅವನೇ ಮುಂದೆ ಬಂದು ತುಂಬಾ ಬೆಲೆಯ ಒಂದು ವೈರ್‌ಲೆಸ್ ತೆಗೆದು ನನ್ನ ಫೋನಿಗೆ ಬ್ಲೂಟೂತಿನಲ್ಲಿ ಜೋಡಿಸಿ ಕೊಟ್ಟ. ಹಾಡು ಸೊಗಸಾಗಿತ್ತು. ಅಡಿಕೆ ಧಾರಣೆ ಮಾತ್ರ ಹಳೆಯ ಲ್ಯಾಂಡ್‌ಲೈನಿನಲ್ಲಿ ಬಂದ ಹಾಗೆ ಬಂತು. ಹುಡುಗ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

ಅದು ಆ ಹೆಡ್‌ಸೆಟ್ಟಿನ ತಪ್ಪಲ್ಲ. ಬ್ಲೂಟೂತ್ ಇರುವುದೇ ಹಾಗೆ. ಹಾಡು ಕೇಳಲು ಅದರಲ್ಲಿ ಒಂದು ದಾರಿ, ಮಾತಾಡಲು ಇನ್ನೊಂದು ದಾರಿ. ಹಾಡಿನ ದಾರಿ ಅಗಲ, ಆದರೆ ಒಮ್ಮುಖ. ಮೈಕು ಶುರುವಾದ ಕೂಡಲೇ ಎರಡನೆಯ ದಾರಿಗೆ ಇಳಿಯುತ್ತದೆ. ಅಲ್ಲಿ ಧ್ವನಿಯನ್ನು ಅಳೆದು ತೆಗೆಯುವ ಸ್ಯಾಂಪಲ್ ಸೆಕೆಂಡಿಗೆ 8,000, ಸ್ವಲ್ಪ ಹೊಸತಾದರೆ 16,000. ಸಿಡಿಯಲ್ಲಿ 44,100 ಇರುತ್ತದೆ ಎಂದರೆ ಅಂದಾಜು ಆಗುತ್ತದೆ. ಮೇಲಾಗಿ ತಡ. ಶತ್ರು ಗುಂಡು ಹೊಡೆದದ್ದು ಪರದೆಯಲ್ಲಿ ಮೊದಲು, ಕಿವಿಯಲ್ಲಿ ಆಮೇಲೆ.

ಕನ್ಸೋಲಿನವರಿಗೆ ಈ ತಾಪತ್ರಯವೂ ಇಲ್ಲ, ಯಾಕೆಂದರೆ ಸೇರುವುದೇ ಇಲ್ಲ. ಪಿಎಸ್4, ಪಿಎಸ್5, ಎಕ್ಸ್‌ಬಾಕ್ಸ್ ಯಾವುದೂ ಸಾದಾ ಬ್ಲೂಟೂತ್ ಹೆಡ್‌ಸೆಟ್ಟನ್ನು ನೇರವಾಗಿ ಒಪ್ಪುವುದಿಲ್ಲ. ನಿಂಟೆಂಡೊ ಸ್ವಿಚ್ 2021ರ ಸೆಪ್ಟೆಂಬರಿನಲ್ಲಿ ಕೇಳಲು ಬಿಟ್ಟಿತು, ಮೈಕು ಆಗಲೂ ಇಲ್ಲ. ವೈರ್‌ಲೆಸ್ ಬೇಕೇ ಬೇಕು ಎಂದರೆ ಯುಎಸ್‌ಬಿ ಡಾಂಗಲ್ (ಕನ್ಸೋಲಿಗೆ ಚುಚ್ಚುವ ಸಣ್ಣ ತುಂಡು) ಜೊತೆ ಬರುವ 2.4 ಗಿಗಾಹರ್ಟ್ಸ್ ರೇಡಿಯೋದ್ದು ತೆಗೊಳ್ಳಬೇಕು. ಅದರಲ್ಲೂ ಎಕ್ಸ್‌ಬಾಕ್ಸಿನದ್ದು ಬೇರೆ, ಪ್ಲೇಸ್ಟೇಷನ್ನಿನದ್ದು ಬೇರೆ. ಪೆಟ್ಟಿಗೆಯ ಮೇಲೆ ನಿಮ್ಮ ಕನ್ಸೋಲಿನ ಹೆಸರು ಇದೆಯೋ ಎಂದು ನೋಡದೆ ದುಡ್ಡು ಕೊಡಬೇಡಿ. ಮನೆಯ ವೈಫೈ ಕೂಡ 2.4ರಲ್ಲೇ ಇದ್ದರೆ ಎರಡೂ ಒಂದೇ ಜಾಗದಲ್ಲಿ ಗುದ್ದಾಡುತ್ತವೆ. ಕನ್ಸೋಲನ್ನು 5 ಗಿಗಾಹರ್ಟ್ಸ್‌ಗೆ ಹಾಕಿ, ಡಾಂಗಲ್ಲನ್ನು ಕನ್ಸೋಲಿನ ಎದುರಿನ ಪೋರ್ಟಿಗೆ ಚುಚ್ಚಿದರೆ ವಾಸಿ.

ನನ್ನ ಪಕ್ಷಪಾತ ವೈರಿನ ಕಡೆ. 3.5 ಮಿಲಿಮೀಟರಿನ ಪಿನ್ನು ಪಿಎಸ್ ಕಂಟ್ರೋಲರಿಗೂ ಆಗುತ್ತದೆ, ಎಕ್ಸ್‌ಬಾಕ್ಸಿನದ್ದಕ್ಕೂ ಆಗುತ್ತದೆ. ಚಾರ್ಜಿನ ಚಿಂತೆ ಇಲ್ಲ. ಪಿನ್ನಿನ ಮೇಲೆ ಮೂರು ಕಪ್ಪು ಪಟ್ಟಿ ಇದೆಯೋ ನೋಡಿಕೊಳ್ಳಿ. ಎರಡೇ ಇದ್ದರೆ ಅದರಲ್ಲಿ ಮೈಕಿನ ತಂತಿ ಇಲ್ಲ. ಕಂಪ್ಯೂಟರಿಗಾಗಿ ಮಾಡಿದ, ಎರಡು ಪಿನ್ನಿನ ಹೆಡ್‌ಸೆಟ್ ಆದರೆ ಎರಡನ್ನು ಒಂದು ಮಾಡುವ ಜೋಡಿಕೆ ಬೇಕು. ವೈರಿನ ಕಷ್ಟ ಒಂದೇ, ಎಳೆದು ಎಳೆದು ಬುಡದಲ್ಲಿ ತುಂಡಾಗುತ್ತದೆ. ಬಿಚ್ಚಿ ಬದಲಾಯಿಸುವ ವೈರಾದರೆ ಒಳ್ಳೆಯದು.

7.1 ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಹುತೇಕ ಎಲ್ಲದರ ಒಳಗೂ ಕಿವಿಗೊಂದರಂತೆ ಎರಡೇ ಸ್ಪೀಕರ್ ಇರುವುದು. ಉಳಿದದ್ದು ಲೆಕ್ಕ. ಸದ್ದು ಎಡಗಿವಿಗೂ ಬಲಗಿವಿಗೂ ತಲುಪುವ ಸಮಯದಲ್ಲಿ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ವ್ಯತ್ಯಾಸ ಇರುತ್ತದೆ, ನಮಗೆ ದಿಕ್ಕು ಗೊತ್ತಾಗುವುದಕ್ಕೆ ಅದೂ ಒಂದು ಕಾರಣ. ಆ ಲೆಕ್ಕವನ್ನು ಪಿಎಸ್5 ತಾನೇ ಮಾಡುತ್ತದೆ, ಸಾದಾ ಹೆಡ್‌ಫೋನಿಗೂ ಮಾಡುತ್ತದೆ. ಕಿವಿಯ ಆಕಾರ ಒಬ್ಬೊಬ್ಬರದ್ದು ಒಂದೊಂದು ಎಂದು ಬೇರೆ ಬೇರೆ ಆಯ್ಕೆಯನ್ನೂ ಕೊಟ್ಟಿದ್ದಾರೆ. ಅದರ ಮೇಲೆ ಹೆಡ್‌ಸೆಟ್ಟಿನದ್ದೂ ಇನ್ನೊಂದು ಲೆಕ್ಕ ಸೇರಿದರೆ ಹೆಜ್ಜೆ ಸದ್ದು ಎಲ್ಲೆಲ್ಲಿಂದಲೋ ಬರುತ್ತದೆ. ಒಂದನ್ನು ಆಫ್ ಮಾಡಿ. 50 ಮಿಲಿಮೀಟರ್ ಡ್ರೈವರ್ ಎನ್ನುವುದೂ ಅಷ್ಟೇ, ದೊಡ್ಡದು ಎಂದ ಮಾತ್ರಕ್ಕೆ ಒಳ್ಳೆಯದಲ್ಲ.

ಪ್ಯಾಡಿನ ವಿಷಯ ಮಾತ್ರ ನಮ್ಮ ಹವೆಗೆ ಮುಖ್ಯ. ಚರ್ಮದ ಹಾಗೆ ಕಾಣುವ ರೆಕ್ಸಿನ್ ಪ್ಯಾಡು ಮಳೆಯ ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಏಪ್ರಿಲಿನಲ್ಲಿ ಬೆವರಿ ಕಿವಿ ಬೇಯುತ್ತದೆ, ಆಗಸ್ಟಿನಲ್ಲಿ ಬೂಸ್ಟು ಹಿಡಿಯುತ್ತದೆ, ಆಮೇಲೆ ಕಪ್ಪು ಸಿಪ್ಪೆ ಎದ್ದು ಕೆನ್ನೆಗೆಲ್ಲ ಅಂಟುತ್ತದೆ. ಬಟ್ಟೆಯದ್ದು ತಂಪು, ಆದರೆ ಮಳೆ ಒಳಗೆ ಬರುತ್ತದೆ. ನಾನು ರೆಕ್ಸಿನ್ ಕಡೆಗೆ ಒಲಿದಿದ್ದೇನೆ, ಪ್ಯಾಡು ಬಿಡಿಯಾಗಿ ಸಿಗುವುದಾದರೆ ಮಾತ್ರ.

ಕೆಳಗಿನ ಕೋಣೆಯವರು

ಮೂವರಿಗೆ ಹೇಗೆ ಕೇಳುತ್ತೇನೆ ಎಂದು ಹೇಳುತ್ತಾ ಬಂದೆ. ಇನ್ನೂ ಕೆಲವರಿದ್ದಾರೆ, ಪಾರ್ಟಿಯಲ್ಲಿ ಇಲ್ಲದವರು. ಕೆಳಗೆ ಮಲಗಿದ ಅಪ್ಪ ಅಮ್ಮ. ಅವರಿಗೆ ಆಟ ಕೇಳುವುದಿಲ್ಲ, ಉಳಿದವರ ಮಾತೂ ಕೇಳುವುದಿಲ್ಲ. ಕೇಳುವುದು ನಾನು ಒಬ್ಬನೇ ರಾತ್ರಿ ಹನ್ನೊಂದಕ್ಕೆ 'ಹಿಂದೆ ಇದ್ದಾನೆ, ಹೊಡಿ, ಹೊಡಿ' ಎಂದು ಬೊಬ್ಬೆ ಹಾಕುವುದು ಮಾತ್ರ. ಪಕ್ಕದ ತೋಟದವರು ಒಮ್ಮೆ ಅಪ್ಪನ ಹತ್ತಿರ ಮೆಲ್ಲಗೆ ವಿಚಾರಿಸಿದ್ದರಂತೆ, ಮಗನಿಗೆ ಎಲ್ಲ ಸರಿ ಇದೆಯಲ್ಲ ಎಂದು.

ಕಿವಿ ಮುಚ್ಚಿದರೆ ನಮ್ಮ ಧ್ವನಿ ನಮಗೆ ಸರಿಯಾಗಿ ಕೇಳುವುದಿಲ್ಲ, ಹಾಗಾಗಿ ಜೋರು ಮಾಡುತ್ತೇವೆ. ಸುತ್ತ ಗದ್ದಲ ಇದ್ದರೆ ಮನುಷ್ಯ ತನಗೆ ಗೊತ್ತಿಲ್ಲದೆಯೇ ಧ್ವನಿ ಏರಿಸುತ್ತಾನೆ ಎಂದು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲೇ ಬರೆದಿದ್ದ. ಹೆಡ್‌ಸೆಟ್ಟಿನಲ್ಲಿ ಇದಕ್ಕೆ ಮದ್ದು ಸೈಡ್‌ಟೋನ್. ಮೈಕಿಗೆ ಹೋದ ನಮ್ಮ ಮಾತನ್ನೇ ಸ್ವಲ್ಪ ನಮ್ಮ ಕಿವಿಗೂ ಬಿಡುವುದು. ಇದು ಇದ್ದರೆ ಬೊಬ್ಬೆ ತಾನಾಗಿ ಇಳಿಯುತ್ತದೆ. ಮೈಕಿನ ಮೇಲೆ ಮಳೆ ಎಷ್ಟು ಬೀಳುತ್ತಿದೆ ಅನ್ನುವುದೂ ನಮಗೇ ಗೊತ್ತಾಗುತ್ತದೆ. ಯುಎಸ್‌ಬಿ ಹೆಡ್‌ಸೆಟ್‌ಗಳಲ್ಲಿ ಇದು ಹೆಚ್ಚಾಗಿ ಸಿಗುತ್ತದೆ. 3.5 ಮಿಲಿಮೀಟರ್ ಪಿನ್ನಿನವುಗಳಲ್ಲಿ ಕೇಳಿ ನೋಡಿಯೇ ತೆಗೊಳ್ಳಬೇಕು. ನನ್ನ ಮಟ್ಟಿಗೆ ಲೈಟಿಗೆ ಕೊಡುವ ದುಡ್ಡನ್ನು ಇದಕ್ಕೆ ಕೊಡಬೇಕು.

ಕಿವಿಯ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ದೊಡ್ಡವರಿಗೆ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 3 ಡೆಸಿಬೆಲ್ ಏರಿದ ಹಾಗೆಲ್ಲ ಸಮಯ ಅರ್ಧ. 90ಕ್ಕೆ ಬಂದರೆ ವಾರಕ್ಕೆ 4 ಗಂಟೆ ಮಾತ್ರ. ಮಳೆಯ ಸದ್ದನ್ನು ಮೀರಿಸಲು ವಾಲ್ಯೂಮ್ ತಿರುಗಿಸುತ್ತಾ ಹೋದರೆ 90 ಏನೂ ದೂರವಿಲ್ಲ. ಹಿಂಬದಿ ಮುಚ್ಚಿದ ಕಪ್ಪಿನದ್ದು ತೆಗೊಳ್ಳಿ ಎಂದು ನಾನು ಹೇಳುವುದು ಬೇಸಿಗಾಗಿ ಅಲ್ಲ, ಇದಕ್ಕೆ. ಹೊರಗಿನದ್ದು ಒಳಗೆ ಬಾರದಿದ್ದರೆ ಒಳಗಿನದ್ದನ್ನು ಏರಿಸಬೇಕಾಗಿಲ್ಲ. ಗುಡುಗಿದರೆ ಹೇಗೂ ಎಲ್ಲದರ ಪ್ಲಗ್ಗು ಕೀಳುತ್ತೇವೆ, ಆಗ ಕಿವಿಗೂ ಬಿಡುವು.

ಉಪ್ಪಳದವನು ಆ ದಪ್ಪ ಕಡ್ಡಿಯದ್ದನ್ನೇ ತೆಗೊಂಡ. ಈಗ ಅವನ ಮನೆಯ ಮಿಕ್ಸಿ ನಮಗೆ ಕೇಳುವುದಿಲ್ಲ, ಅವನ ಅಮ್ಮ ಕರೆದದ್ದು ಅವನಿಗೂ ಕೇಳುವುದಿಲ್ಲ. ಅದಕ್ಕೆ ಅವರು ನನಗೆ ಫೋನು ಮಾಡಿ, ಅವನನ್ನು ಊಟಕ್ಕೆ ಕಳಿಸು ಎನ್ನುತ್ತಾರೆ. ಮೈಕು ಬಾಯಿಯ ಪಕ್ಕದಲ್ಲೇ ಇರುವುದರಿಂದ ಹೊಸ ಕಾಟವೊಂದು ಶುರುವಾಗಿದೆ. ಆಟದ ಮಧ್ಯೆ ಅವನು ಹಲಸಿನ ಹಪ್ಪಳ ತಿನ್ನುತ್ತಾನೆ. ಶತ್ರುವಿನ ಹೆಜ್ಜೆ ಸದ್ದಿಗೆ ಕಿವಿ ಕೊಟ್ಟು ಕೂತ ನಮ್ಮ ಮೂವರಿಗೂ ಅದೇ ಕೇಳುವುದು. ಕಾಞಂಗಾಡಿನ ಹುಡುಗ ಅವನನ್ನು ಮತ್ತೆ ಮ್ಯೂಟ್ ಮಾಡಲು ಶುರುಮಾಡಿದ್ದಾನೆ.